ಮರದ ಕೆಲಸಕ್ಕೆ ಚಿಕ್ಕ ಲೋಡರ್: ಹುಲ್ಲುಹಾಸು ಉಳಿಸುವುದು ಯಾವುದು?

ಅಂಗಳದಲ್ಲಿ ಕಡಿದ ಮರದ ದಿಮ್ಮಿಯೂ ಹೊರಗೆ ಬರಬೇಕು, ಹುಲ್ಲೂ ಉಳಿಯಬೇಕು ಅಂದರೆ ಸ್ಕಿಡ್ ಸ್ಟಿಯರ್ (ಚಕ್ರಗಳು ಪಕ್ಕಕ್ಕೆ ಹೊರಳದ, ಭಾರ ಎತ್ತಿ ಸಾಗಿಸುವ ಚಿಕ್ಕ ಯಂತ್ರ) ಬೇಡ. ಬಲ ಇದೆ, ಆದರೆ ಚಕ್ರಗಳನ್ನು ನೆಲಕ್ಕೆ ಉಜ್ಜಿಯೇ ಅದು ತಿರುಗೋದು.

ಉಳಿದದ್ದು ಎರಡು. ಹಿಂದೆ ನಿಂತು ಓಡಿಸುವ ಟ್ರ್ಯಾಕ್ ಲೋಡರ್ ಕಿರಿದಾದ ಗೇಟಲ್ಲೂ ನುಸುಳುತ್ತದೆ. ಚಕ್ರದ ಬದಲು ಇರುವ ಅಗಲವಾದ ರಬ್ಬರ್ ಪಟ್ಟಿ ಭಾರವನ್ನು ಹರಡುವುದರಿಂದ ಮೆತ್ತಗಿನ ನೆಲದಲ್ಲೂ ಜಾಸ್ತಿ ಹೂತುಹೋಗಲ್ಲ. ನೇರ ಹೋಗುವಾಗ ಗುರುತು ಅಷ್ಟಾಗಿ ಕಾಣದು. ಆದರೆ ನಿಂತಲ್ಲೇ ಗಿರ್ರನೆ ತಿರುಗಿಸಿದರೆ ಹುಲ್ಲು ಬೇರುಸಮೇತ ಸುರುಳಿ ಸುತ್ತಿ ಎದ್ದು ಬರುತ್ತದೆ. ದೊಡ್ಡ ಬಳಸಿನಲ್ಲಿ ತಿರುಗಿಸುವ ತಾಳ್ಮೆ ಬೇಕು.

ನಡುವೆ ಮಡಚುವ ಆರ್ಟಿಕ್ಯುಲೇಟೆಡ್ ಲೋಡರ್‌ಗೆ ಈ ಕಾಟ ಕಡಿಮೆ. ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲೇ ಉರುಳುತ್ತವೆ, ಉಜ್ಜಾಟವಿಲ್ಲ. ಹುಲ್ಲಿಗೆಂದೇ ಮಾಡಿದ ಟರ್ಫ್ ಟೈರ್ ಹಾಕಿದರೆ ಇನ್ನೂ ಒಳ್ಳೆಯದು. ಒಂದೇ ಎಚ್ಚರಿಕೆ: ಪೂರ್ತಿ ಮಡಚಿದಾಗ ಪಲ್ಟಿಯಾಗದೆ ಎತ್ತಬಲ್ಲ ಭಾರ ಕುಗ್ಗುತ್ತದೆ. ದಿಮ್ಮಿ ಮೇಲೆತ್ತಿಕೊಂಡು ಇಳಿಜಾರಲ್ಲಿ ತಿರುಗಿಸಿದರೆ ಪಲ್ಟಿ ಹೊಡೆಯಬಹುದು. ಭಾರವನ್ನು ನೆಲಕ್ಕೆ ಹತ್ತಿರವೇ ಇಟ್ಟುಕೊಳ್ಳಿ.

ನನ್ನ ಓಟು ಆರ್ಟಿಕ್ಯುಲೇಟೆಡ್‌ಗೆ. ಗೇಟು ತೀರಾ ಕಿರಿದು, ನೆಲ ಮೆತ್ತಗೆ ಅಂದರೆ ಮಾತ್ರ ಟ್ರ್ಯಾಕ್. ಮಳೆ ಬಿದ್ದ ಮರುದಿನ ಯಾವುದನ್ನೂ ಸುಮ್ನೆ ಇಳಿಸಬೇಡಿ. ಓಡಾಡುವ ದಾರಿಗೆ ಮ್ಯಾಟ್ ಇಲ್ಲವೇ ದಪ್ಪ ಪ್ಲೈವುಡ್ ಹಾಸಿ, ತಿರುವಿನಲ್ಲಂತೂ ತಪ್ಪದೆ.