ಎರಡು ಲಕ್ಷಕ್ಕೆ ಎಲೆಕ್ಟ್ರಿಕ್ ಕಾರು: ಮುಂಗಡ ಕೊಡುವ ಮುನ್ನ ಪ್ರಮಾಣಪತ್ರವನ್ನು ಓದಿ

ಹಳೆಯ ಪೆಟ್ರೋಲ್ ಕಾರಿನ ಎಂಜಿನ್ ಇಳಿಸಿ, ಆ ಜಾಗದಲ್ಲಿ ಮೋಟಾರು ಕೂರಿಸಿ, ಎರಡು ಲಕ್ಷ ರೂಪಾಯಿಯೊಳಗೆ ಎಲೆಕ್ಟ್ರಿಕ್ ಕಾರು ಮಾಡಿಕೊಡುತ್ತೇವೆ ಎನ್ನುವ ಗ್ಯಾರೇಜೊಂದಕ್ಕೆ ನನ್ನ ಆಲ್ಟೊ ಕಾರನ್ನು ಒಪ್ಪಿಸಿದ್ದೆ. ಆ ಕಾರನ್ನು ಈಗ ರಸ್ತೆಗೆ ಇಳಿಸುವಂತಿಲ್ಲ, ಮಾರುವಂತೆಯೂ ಇಲ್ಲ. ಮೈಸೂರು, ಬೆಂಗಳೂರು ಕಡೆ ಇದೇ ಯೋಚನೆಯಲ್ಲಿರುವವರು ಕೆಲವರು ನನ್ನನ್ನು ವಿಚಾರಿಸಿದ್ದರಿಂದ, ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ. ಗ್ಯಾರೇಜಿನ ಹೆಸರು ಇಲ್ಲಿ ಬೇಕಿಲ್ಲ. ಕೆಲಸದ ರೀತಿ ಗೊತ್ತಾದರೆ ಸಾಕು.

ಕಾರಿಗೆ ಹದಿನೈದು ವರ್ಷ ತುಂಬಿತ್ತು. ಖಾಸಗಿ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ಐದು ಸಾವಿರ ರೂಪಾಯಿಗೆ ಏರಿದೆ, ಜೊತೆಗೆ ಎಂಜಿನ್ ಹೊಗೆ ಉಗುಳಲು ಆರಂಭಿಸಿತ್ತು, ಆದರೆ ಕಾರಿನ ಹೊರಮೈಗೆ ಎಲ್ಲಿಯೂ ತುಕ್ಕು ಹಿಡಿದಿರಲಿಲ್ಲ. ಇಂಥ ಕಾರನ್ನು ಗುಜರಿಗೆ ಹಾಕುವ ಬದಲು ಪರಿವರ್ತಿಸುವುದು ಒಳ್ಳೆಯ ವಿಚಾರವೇ, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಅನುಮಾನ ಇರುವುದು ಆ ಬೆಲೆಯ ಬಗ್ಗೆ.

ಮೊದಲು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಕ್ಕೂ ತಯಾರಕರ ಮೂಲ ವಿವರಕ್ಕೂ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಚಿತವಾಗಿ ಹೇಳಿದೆ. ಆದರೆ ಅನುಮೋದಿತ ಕಿಟ್, ಅಂದರೆ ಮೋಟಾರು, ಬ್ಯಾಟರಿ ಮುಂತಾದ ಪರಿವರ್ತನೆಯ ಪೂರ್ತಿ ಸಾಮಗ್ರಿ, ಹಾಕಿಸಿಕೊಳ್ಳಲು ಅವಕಾಶವಿದೆ. ಅದಕ್ಕೆಂದೇ ಎಐಎಸ್-123 ಎಂಬ ಮಾನದಂಡವಿದ್ದು, ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್‌ನಂಥ ಸಂಸ್ಥೆಗಳು ಕಿಟ್ಟನ್ನು ಪರೀಕ್ಷಿಸಿ ಅನುಮೋದನೆ ಕೊಡುತ್ತವೆ. ಆಮೇಲೆ ಆರ್‌ಟಿಒ ಒಪ್ಪಿಗೆ ಪಡೆದು, ಅಧಿಕೃತರಿಂದ ಜೋಡಿಸಿ, ಆರ್‌ಸಿಯಲ್ಲಿ ಇಂಧನದ ವಿವರವನ್ನು ತಿದ್ದಿಸಬೇಕು.

ಗ್ಯಾರೇಜಿನವರು ನನಗೆ ತೋರಿಸಿದ್ದು ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆ. ಮೇಲ್ಭಾಗದಲ್ಲಿ ಎಆರ್‌ಎಐ ಹೆಸರು ದಪ್ಪಕ್ಷರದಲ್ಲಿತ್ತು. ಆರ್‌ಟಿಒ ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ಅದನ್ನು ಓದಿ, ಕೆಳಗಿನ ಸಣ್ಣಕ್ಷರದ ಸಾಲಿನ ಮೇಲೆ ಬೆರಳಿಟ್ಟರು: ಅದು ತ್ರಿಚಕ್ರ ಪ್ರಯಾಣಿಕ ವಾಹನದ ಮೋಟಾರಿಗೆ ಸಂಬಂಧಿಸಿದ ಪರೀಕ್ಷಾ ಪತ್ರ. ಕಾರಿನ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮೋಟಾರಿಗೆ ಸಿಕ್ಕ ಪ್ರಮಾಣಪತ್ರ ಬೇರೆ, ಬ್ಯಾಟರಿಗೆ ಸಿಕ್ಕದ್ದು ಬೇರೆ, ಇಡೀ ಕಿಟ್ಟಿಗೆ ಸಿಗುವ ಅನುಮೋದನೆಯೇ ಬೇರೆ. ಕಿಟ್ಟಿನ ಪತ್ರದಲ್ಲಿ ಅದು ಯಾವ ಮಾದರಿಯ ವಾಹನಕ್ಕೆ ಅನ್ವಯಿಸುತ್ತದೆ ಎಂಬುದೂ ಇರಬೇಕು. ಈ ಕಾಗದವನ್ನು ಮುಂಗಡಕ್ಕೆ ಮೊದಲೇ ಕೇಳಿ, ಅದರ ಪ್ರತಿಯನ್ನು ನೀವೇ ಆರ್‌ಟಿಒಗೆ ಒಯ್ದು ತೋರಿಸಿ. ‘ಆಮೇಲೆ ಎಲ್ಲ ನಾವೇ ಮಾಡಿಸಿಕೊಡುತ್ತೇವೆ’ ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ ಎಂಬತ್ತು ಕಿಲೋಮೀಟರು ಎಂದಿದ್ದರು, ಓಡಿದ್ದು ಮೂವತ್ತರ ಆಸುಪಾಸು. ಲಿಥಿಯಂ ಎಂದು ಮಾತಾಗಿದ್ದರೂ ಕೂರಿಸಿದ್ದು ಮನೆಯ ಇನ್ವರ್ಟರಿಗೆ ಹಾಕುವ ಸೀಸದ ಟ್ಯೂಬ್ಯುಲರ್ ಬ್ಯಾಟರಿಗಳನ್ನು, ಹನ್ನೆರಡು ವೋಲ್ಟಿನ ಆರು, ತಲಾ ನೂರು ಆಂಪಿಯರ್ ಅವರ್. ಲೆಕ್ಕಕ್ಕೆ ಇದು 7.2 ಯೂನಿಟ್. ಆದರೆ ಆ ನೂರು ಎಂಬುದು ಇಪ್ಪತ್ತು ಗಂಟೆಯ ಕಾಲ ಐದೈದು ಆಂಪಿಯರಿನಂತೆ ಮೆಲ್ಲಗೆ ಎಳೆದಾಗ ಸಿಗುವ ಲೆಕ್ಕ; ಕಾರು ಅರವತ್ತು, ಎಂಬತ್ತು ಆಂಪಿಯರ್ ಎಳೆಯುವಾಗ ಅದರಲ್ಲಿ ದೊಡ್ಡ ಪಾಲು ಕೈಗೆ ಸಿಗುವುದೇ ಇಲ್ಲ, ಸಿಕ್ಕಿದ್ದನ್ನೂ ಪೂರ್ತಿ ಬಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ರೇವಾ ಎಲೆಕ್ಟ್ರಿಕ್ ಕಾರು ಕೂಡ 2001ರಲ್ಲಿ ಸೀಸದ ಬ್ಯಾಟರಿಯಿಂದಲೇ ಎಂಬತ್ತು ಕಿಲೋಮೀಟರು ಹೇಳಿಕೊಂಡಿತ್ತಲ್ಲ ಎಂದು ಗ್ಯಾರೇಜಿನವರು ವಾದಿಸಿದರು. ನಿಜ, ಆದರೆ ರೇವಾದಲ್ಲಿ 9.6 ಯೂನಿಟ್ ಇತ್ತು, ಅದು ವಾಹನಕ್ಕೆಂದೇ ಮಾಡಿದ ಬ್ಯಾಟರಿ, ಇಡೀ ಕಾರನ್ನೇ ಅದರ ಸುತ್ತ ರೂಪಿಸಲಾಗಿತ್ತು.

ನನ್ನ ಕಾರಿನಲ್ಲಿ ಇನ್ನೂರು ಕಿಲೋ ಸುಮಾರಿನ ಈ ಭಾರ ಹಿಂದಿನ ಸೀಟಿನ ಬೆನ್ನಿಗೇ ಇತ್ತು. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಅದು ಹೊರಗೆ ಹೋಗಲು ಒಂದು ಕೊಳವೆಯೂ ಇರಲಿಲ್ಲ. ಅರವತ್ತು ವೋಲ್ಟ್ ಡಿಸಿ ಮೀರಿದ ವೈರುಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಇರಬೇಕೆಂಬುದು ನಿಯಮ, ಆರು ಬ್ಯಾಟರಿ ಸೇರಿ ಎಪ್ಪತ್ತೆರಡು ವೋಲ್ಟಿದ್ದರೂ ಇಲ್ಲಿದ್ದುದು ಸಾಧಾರಣ ಕಪ್ಪು ವೈರು. ಸೀಟು ಎತ್ತಿ ನೋಡಿದಾಗ, ಅದು ತಗಡಿನ ಚೂಪು ಅಂಚನ್ನು ಉಜ್ಜಿಕೊಂಡೇ ಹಾದುಹೋಗಿತ್ತು ಮತ್ತು ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಕಂಟ್ರೋಲರಿನ ಬಳಿ, ವೈರಿನ ತುದಿಯ ಲೋಹದ ಲಗ್ಗಿಗೆ ಸುತ್ತಿದ್ದ ಟೇಪು ಕರಗಿ ಅಂಟಾಗಿತ್ತು.

ಬ್ರೇಕಿನ ವಿಷಯ ಇವೆಲ್ಲಕ್ಕಿಂತ ಗಂಭೀರ. ಪೆಟ್ರೋಲ್ ಕಾರಿನಲ್ಲಿ, ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತ ಎಂಜಿನ್ನಿನಿಂದಲೇ ಸಿಗುತ್ತದೆ. ಎಂಜಿನ್ ಹೋದಮೇಲೆ ವಿದ್ಯುತ್ ವ್ಯಾಕ್ಯೂಮ್ ಪಂಪ್ ಒಂದನ್ನು ಹಾಕಲೇಬೇಕು. ಖರ್ಚು ಉಳಿಸಲು ಅವರು ಹಾಕಿರಲಿಲ್ಲ. ಪೆಡಲು ಕಲ್ಲಿನಂತೆ ಗಟ್ಟಿಯಾಗಿ, ಹೆಚ್ಚಿದ ಭಾರದ ಕಾರು ನಿಲ್ಲಬೇಕಾದ ಜಾಗ ದಾಟಿಯೇ ನಿಲ್ಲುತ್ತಿತ್ತು. ‘ಅಭ್ಯಾಸ ಆಗುತ್ತೆ ಸಾರ್’ ಎಂದರು.

ಚಾಮುಂಡಿ ಬೆಟ್ಟದ ದಾರಿಯಲ್ಲಿ ಅರ್ಧ ಏರುವಷ್ಟರಲ್ಲಿ ಕಂಟ್ರೋಲರ್ ಬಿಸಿಯಾಗಿ ಕಾರು ನಿಂತಿತು. ಜನ ಕೂತಾಗ ಸಾವಿರ ಕಿಲೋ ದಾಟುವ ಕಾರು ನೂರಕ್ಕೆ ಎಂಟರಷ್ಟು ಏರಿನಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರಿನಂತೆ ಹತ್ತಲು, ಬರೀ ಏರಿಗೇ ಆರು ಕಿಲೋವ್ಯಾಟ್ ಮೀರಿದ ಶಕ್ತಿ ಬೇಕು. ಹಾಕಿದ್ದು ಐದು ಕಿಲೋವ್ಯಾಟಿನ ಮೋಟಾರು. ಇದು ಹೈಸ್ಕೂಲಿನ ಭೌತಶಾಸ್ತ್ರ.

ಸರಿಯಾದ ಲಿಥಿಯಂ ಬ್ಯಾಟರಿ, ಅದನ್ನು ಕಾಯುವ ಬಿಎಂಎಸ್ ಎಂಬ ಸಾಧನ, ಪಂಪ್, ಅನುಮೋದಿತ ಕಿಟ್ ಎಲ್ಲ ಸೇರಿ ಆಮೇಲೆ ಬೇರೆ ಕಡೆ ನನಗೆ ಹೇಳಿದ ದರ ಮೊದಲಿನದರ ಎರಡು ಪಟ್ಟಿಗಿಂತ ಹೆಚ್ಚು. ತೆರಿಗೆಯೂ ಪರಿವರ್ತನೆಗೆ ಅನುಕೂಲವಾಗಿಲ್ಲ: ಹೊಸ ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ. 5, ಅದೇ ಲಿಥಿಯಂ ಬ್ಯಾಟರಿಯನ್ನು ಬಿಡಿಯಾಗಿ ಕೊಂಡರೆ ಶೇ. 18. ಈ ಲೆಕ್ಕ ಹಾಕಿದರೆ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರನ್ನೂ ಒಮ್ಮೆ ವಿಚಾರಿಸುವುದು ಮೇಲು.

ವಿಮಾ ಕಂಪನಿಗೆ ಪತ್ರ ಬರೆದೆ. ಆರ್‌ಸಿಯಲ್ಲಿ ಪೆಟ್ರೋಲ್ ಎಂದೇ ಇರುವಾಗ ಈ ಬದಲಾವಣೆಯನ್ನು ಪಾಲಿಸಿಗೆ ಸೇರಿಸಲಾಗದು, ಅಪಘಾತವಾದರೆ ಕ್ಲೇಮು ತಿರಸ್ಕೃತವಾಗಬಹುದು ಎಂದು ಉತ್ತರ ಬಂತು. ಬೆಂಕಿ ಹತ್ತಿದರೂ ಗತಿ ಅದೇ.

ಹಾಗಾದರೆ ಮತ್ತೆ ಪೆಟ್ರೋಲ್ ಕಾರೇ ಮಾಡಿಸಿಕೊಳ್ಳೋಣ ಎಂದು ಹೋದರೆ, ಇಳಿಸಿದ ಎಂಜಿನ್ನನ್ನು ಗ್ಯಾರೇಜಿನವರು ಆಗಲೇ ಗುಜರಿಗೆ ಮಾರಿದ್ದರು. ‘ಹಳೇ ಸಾಮಾನು ನಮ್ಮದೇ’ ಎಂಬ ಸಾಲು ಬಿಲ್ಲಿನ ಹಿಂಬದಿಯಲ್ಲಿತ್ತು. ಎಂಜಿನ್ ನಂಬರು ಆರ್‌ಸಿಯಲ್ಲಿ ದಾಖಲಾಗಿರುವುದರಿಂದ ಬೇರೆ ಎಂಜಿನ್ ತಂದು ಕೂರಿಸಿದರೂ ಮತ್ತೆ ಆರ್‌ಟಿಒ ಅನುಮತಿಯ ಇನ್ನೊಂದು ಸುತ್ತು. ಆದ್ದರಿಂದ ಯಾರ ಬಳಿ ಮಾಡಿಸಿದರೂ, ತಿದ್ದಿದ ಆರ್‌ಸಿ ಕೈಗೆ ಬರುವವರೆಗೆ ಇಳಿಸಿದ ಎಂಜಿನ್ನನ್ನು ಮನೆಗೆ ತಂದಿಟ್ಟುಕೊಳ್ಳಿ, ಕೊನೆಯ ಕಂತನ್ನೂ ಅಲ್ಲಿಯವರೆಗೆ ತಡೆಹಿಡಿಯಿರಿ, ಎರಡನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ.