ಬೆಂಗಳೂರು ರೇಸ್ ಕೋರ್ಸ್‌ನ ಟೋಟ್: ಶೇ 40 ತೆರಿಗೆಯ ನಂತರ ಯಾವ ಬಾಜಿ ಗಿಟ್ಟುತ್ತದೆ?

ಬೆಂಗಳೂರು ಟರ್ಫ್ ಕ್ಲಬ್‌ನ ಟೋಟ್ (ಕ್ಲಬ್ಬೇ ನಡೆಸುವ ಬಾಜಿ ವ್ಯವಸ್ಥೆ) ಕಿಟಕಿಗೆ ಹೋಗುವ ಮುನ್ನ ತೆರಿಗೆಯ ಲೆಕ್ಕ ತಲೆಯಲ್ಲಿರಬೇಕು. 2017ರಲ್ಲಿ ಜಿಎಸ್‌ಟಿ ಬಂದಾಗ ದರ ಶೇ 28. ಕ್ಲಬ್ ಮುರಿದುಕೊಳ್ಳುವ ಕಮಿಷನ್ನಿಗೆ ತೆರಿಗೆ ಹಾಕಿ, ಇಡೀ ಬಾಜಿಗೆ ಹಾಕುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿತು. ಆದರೆ ಆಮೇಲೆ ಕಾನೂನೇ ತಿದ್ದುಪಡಿಯಾಗಿ, 2023ರ ಅಕ್ಟೋಬರ್ 1ರಿಂದ ಪೂರ್ತಿ ಮುಖಬೆಲೆಗೆ ತೆರಿಗೆ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40.

ಡಿವಿಡೆಂಡ್, ಅಂದರೆ ಗೆದ್ದ ಟಿಕೆಟ್‌ಗೆ ಬಾಜಿ ಹಣವೂ ಸೇರಿ ವಾಪಸ್ ಬರುವ ಮೊತ್ತ, ಪ್ರಕಟವಾಗುವುದು 10 ರೂಪಾಯಿ ಲೆಕ್ಕದಲ್ಲಿ. ಆ 10ರ ಮೇಲೆ 4 ರೂಪಾಯಿ ತೆರಿಗೆ ಸೇರಿದರೆ ಕೈಯಿಂದ ಹೋಗುವುದು 14. ವಿನ್ (ಕುದುರೆ ಮೊದಲು ಬರಬೇಕಾದ ಬಾಜಿ) ಡಿವಿಡೆಂಡ್ 13 ಬಂದರೆ ಕುದುರೆ ಗೆದ್ದರೂ ಆಡಿದವನಿಗೆ ಒಂದು ರೂಪಾಯಿ ಖೋತಾ. ಶೇ 28 ಇದ್ದಾಗ ಇದೇ 13ರಲ್ಲಿ 20 ಪೈಸೆಯಾದರೂ ಉಳಿಯುತ್ತಿತ್ತು. ಹೆಚ್ಚು ಜನ ಹಣ ಹಾಕುವ ಹಾಟ್ ಫೇವರಿಟ್ ಮೇಲೆ ಪ್ಲೇಸ್ (ಕುದುರೆ ಮೊದಲ ಕೆಲವು ಸ್ಥಾನಗಳಲ್ಲಿ ಬಂದರೆ ಸಾಕು) ಆಡುವುದು ಹಳಬರ 'ಸೇಫ್' ಆಟ. 11, 12 ರೂಪಾಯಿ ಕೊಡುವ ಆ ಪ್ಲೇಸ್ ಇವತ್ತು ಖಚಿತ ನಷ್ಟದ ಬಾಜಿ. ಅದನ್ನು ಕೈಬಿಡಿ.

ಎರಡನೇ ತೊಂದರೆ ಪೂಲ್ ಚಿಕ್ಕದಾಗಿರುವುದು. ಟೋಟ್‌ನಲ್ಲಿ ಎಲ್ಲರ ಹಣ ಪೂಲ್ ಆಗಿ ಒಂದೆಡೆ ಸೇರಿ, ಕ್ಲಬ್ಬಿನ ಕಡಿತ ಕಳೆದು ಮಿಕ್ಕಿದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಒಂದು ಲೆಕ್ಕ ನೋಡಿ: ವಿನ್ ಪೂಲ್‌ನಲ್ಲಿ ಒಂದು ಲಕ್ಷ ಇದೆ, ನಿಮ್ಮ ಕುದುರೆಯ ಮೇಲೆ 20,000 ಇದೆ, ಕಡಿತ ಶೇ 20 ಅಂದುಕೊಳ್ಳಿ. 80,000ವನ್ನು 20,000ದಿಂದ ಭಾಗಿಸಿದರೆ ಹತ್ತಕ್ಕೆ 40 ರೂಪಾಯಿ. ಗೇಟ್ ತೆರೆಯುವ ಹೊತ್ತಿಗೆ ಯಾರೋ ಅದೇ ಕುದುರೆಗೆ 10,000 ಹಾಕಿದರೆ ಪೂಲ್ 1,10,000, ಕಡಿತದ ನಂತರ 88,000, ಅದನ್ನು 30,000ಕ್ಕೆ ಹಂಚಬೇಕು. ಡಿವಿಡೆಂಡ್ 29ಕ್ಕೆ ಇಳಿಯಿತು. ಒಬ್ಬನೇ ಒಬ್ಬನ ಬಾಜಿಗೆ ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು! ಪರದೆಯ ಮೇಲೆ ಹತ್ತು ನಿಮಿಷ ಮೊದಲು ಕಾಣುವ ಆಡ್ಸ್ (ಗೆದ್ದರೆ ಸಿಗುವ ದರ) ನಂಬಿ ಆಡುವವರು ಏಟು ತಿನ್ನುವುದು ಇಲ್ಲೇ. ಸ್ವಂತ ದರ ಕೊಟ್ಟು ಬಾಜಿ ಹಿಡಿಯುವ ಬುಕ್ಕಿಯ ಬಳಿ ಸಿಕ್ಕಿದ ಆಡ್ಸ್ ಚೀಟಿಯಲ್ಲಿ ಗಟ್ಟಿ. ಟೋಟ್‌ನಲ್ಲಿ ಓಟ ಶುರುವಾದ ಮೇಲೇ ಬೆಲೆ ನಿಲ್ಲುವುದು. ಹಾಗಾಗಿ ಕಿಟಕಿಗೆ ಆದಷ್ಟು ತಡವಾಗಿ ಹೋಗಿ, ಆದರೆ ಸಾಲಿನ ಉದ್ದ ನೋಡಿಕೊಂಡು.

ತೆರಿಗೆಯ ಬಿಸಿ ಬಾಜಿ ಆಡುವ ಪಂಟರ್‌ಗೆ ಮಾತ್ರ ತಟ್ಟುವುದಿಲ್ಲ. ಬಹುಮಾನದ ಹಣಕ್ಕೆ ಟೋಟ್ ಕಮಿಷನ್ ಮತ್ತು ಬುಕ್ಕಿಗಳಿಂದ ಬರುವ ಶುಲ್ಕವೇ ದೊಡ್ಡ ಆಧಾರ. ಬಾಜಿ ಇಳಿದರೆ ಬಹುಮಾನ ಸೊರಗುತ್ತದೆ. ತಿಂಗಳು ತಿಂಗಳು ತರಬೇತಿಗೆ ದುಡ್ಡು ಸುರಿಯುವ ಮಾಲೀಕ ಹೊಸ ಮರಿ ಕೊಳ್ಳಲು ಹಿಂದೇಟು ಹಾಕುತ್ತಾನೆ. ಹನ್ನೆರಡು ಕುದುರೆ ಓಡಬೇಕಾದ ಕಡೆ ಆರೇಳು ನಿಲ್ಲುತ್ತವೆ. ಆರು ಕುದುರೆಯ ಓಟದಲ್ಲಿ ಫೇವರಿಟ್‌ಗೆ ದಾರಿ ಸಲೀಸು, ಡಿವಿಡೆಂಡ್ ಚಿಲ್ಲರೆ, ಆ ಚಿಲ್ಲರೆಯನ್ನೂ ತೆರಿಗೆ ನುಂಗುತ್ತದೆ. ಲೆಕ್ಕಕ್ಕೆ ಸಿಗದ ಅಕ್ರಮ ಬಾಜಿಗೆ ಹೊರಗಡೆ ಗಿರಾಕಿ ಹೆಚ್ಚುವುದೂ ಇದೇ ಕಾರಣಕ್ಕೆ.

ಹಾಂಗ್‌ಕಾಂಗ್ ಇದೇ ಗುಂಡಿಗೆ ಬಿದ್ದು ಎದ್ದಿದೆ. ಅಲ್ಲಿ 2006ರಲ್ಲಿ ಸುಂಕವನ್ನು ಬಾಜಿಯ ಮೊತ್ತದಿಂದ ತೆಗೆದು, ಗೆದ್ದವರಿಗೆ ಕೊಟ್ಟು ಉಳಿಯುವ ಆದಾಯದ ಮೇಲೆ ಹಾಕಿದರು. ಜಾಕಿ ಕ್ಲಬ್‌ಗೆ ದೊಡ್ಡ ಮೊತ್ತದ ಸೋತ ಬಾಜಿಗಳಿಗೆ ರಿಯಾಯಿತಿ ಕೊಡಲು ಸಾಧ್ಯವಾಯಿತು. ಸುಮಾರು 6,000 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೆ ಕುಸಿದಿದ್ದ ವಾರ್ಷಿಕ ವಹಿವಾಟು 2013–14ರಲ್ಲಿ 10,000 ಕೋಟಿ ದಾಟಿತು. ನಮ್ಮಲ್ಲಿ ನಡೆದಿರುವುದು ಅದಕ್ಕೆ ತದ್ವಿರುದ್ಧ, ಮತ್ತು ಅದು ತಪ್ಪು ದಾರಿ.

ಹಾಗಿದ್ದರೂ ಟೋಟ್‌ನಲ್ಲಿ ಆಡಲು ಯೋಗ್ಯವಾದದ್ದು ಇಲ್ಲವೆಂದಲ್ಲ. ಹತ್ತಕ್ಕೂ ಹೆಚ್ಚು ಕುದುರೆಗಳಿರುವ ಹ್ಯಾಂಡಿಕ್ಯಾಪ್ ಓಟ ಆರಿಸಿ. ರೇಟಿಂಗ್ (ಸಾಮರ್ಥ್ಯದ ಅಂಕ) ಹತ್ತಿರ ಹತ್ತಿರವಿದ್ದು, ಬಲವಾದ ಕುದುರೆಗೆ ಹೆಚ್ಚು ತೂಕ ಹೊರಿಸಿ ಸರಿದೂಗಿಸಿರುವ ಓಟದಲ್ಲಿ ಡಿವಿಡೆಂಡ್ 40 ದಾಟುವ ಕುದುರೆಗೂ ನಿಜವಾದ ಅವಕಾಶವಿರುತ್ತದೆ. ಮೊದಲೆರಡು ಕುದುರೆಗಳನ್ನು ಹೆಸರಿಸಿದರೆ ಸಾಕು, ಕ್ರಮ ಬೇಡ ಎನ್ನುವ ಕ್ವಿನೆಲ್ಲಾ ಇಂಥ ಕಡೆ ನಮ್ಮ ಮೊದಲ ಆಯ್ಕೆ. ಮೊದಲ ಮೂರನ್ನು ಕ್ರಮವಾಗಿ ಹೇಳಬೇಕಾದ ತನಾಲಾದಲ್ಲಿ ನಾಲ್ಕು ಕುದುರೆ 'ಬಾಕ್ಸ್' ಮಾಡಿದರೆ, ಅಂದರೆ ಸಾಧ್ಯವಿರುವ ಎಲ್ಲ ಕ್ರಮದಲ್ಲೂ ಕಟ್ಟಿದರೆ, 24 ಜೋಡಣೆ. ಹತ್ತು ರೂಪಾಯಿಯಂತೆ 240, ತೆರಿಗೆ ಸೇರಿ 336. ಐದು ಕುದುರೆಗೆ ಅದೇ 840. ಈ ಗುಣಾಕಾರ ಮಾಡದೆ ಕಿಟಕಿಯಲ್ಲಿ 'ಐದು ಬಾಕ್ಸ್' ಅನ್ನಬೇಡಿ. ಕ್ಲಬ್ ಪ್ರಕಟಿಸುವ ಪೆನಟ್ರೋಮೀಟರ್ (ನೆಲ ಎಷ್ಟು ಮೆತ್ತಗಿದೆ ಎಂದು ಅಳೆಯುವ ಸಾಧನ) ರೀಡಿಂಗ್, ಟ್ರ್ಯಾಕಿನ ಒಳಬದಿಯ ತಾತ್ಕಾಲಿಕ ಬೇಲಿಯಾದ ಫಾಲ್ಸ್ ರೈಲ್ ಎಷ್ಟು ಮೀಟರ್ ಹೊರಗಿದೆ ಎಂಬುದನ್ನೂ ನೋಡಿ. ಮಳೆಗಾಲದ ಮೆತ್ತನೆ ನೆಲದಲ್ಲಿ, ಒಣ ಟ್ರ್ಯಾಕಿನಲ್ಲಿ ತೆಗೆದ ಟೈಮಿಂಗ್ ಹಿಡಿದು ಕುದುರೆ ಅಳೆದರೆ ದಾರಿ ತಪ್ಪುತ್ತೀರಿ.

ಟಿಕೆಟ್ ಕೈಗೆ ಬಂದ ಕೂಡಲೇ, ಕಿಟಕಿ ಬಿಡುವ ಮೊದಲೇ, ರೇಸ್ ನಂಬರ್, ಪೂಲ್, ಕುದುರೆಯ ನಂಬರ್, ಮೊತ್ತ ನಾಲ್ಕನ್ನೂ ಓದಿ. ಓಟ ಮುಗಿದ ತಕ್ಷಣ ಹರಿದು ಎಸೆಯಬೇಡಿ. ಆಬ್ಜೆಕ್ಷನ್ (ಆಕ್ಷೇಪಣೆ) ಬಂದರೆ ಓಟದ ತೀರ್ಪುಗಾರರಾದ ಸ್ಟೀವರ್ಡ್‌ಗಳು ಫಲಿತಾಂಶ ಬದಲಿಸಬಹುದು. ಒಂದೇ ವಹಿವಾಟಿನಲ್ಲಿ ಗೆಲುವು 10,000 ರೂಪಾಯಿ ಮೀರಿದರೆ ಶೇ 30 ಟಿಡಿಎಸ್ ಮುರಿಯುತ್ತಾರೆ, ಪ್ಯಾನ್ ಜೊತೆಗಿರಲಿ. ಸೋತ ಟಿಕೆಟ್‌ಗಳನ್ನು ತೋರಿಸಿ ಆ ಗೆಲುವಿನ ಆದಾಯ ತೆರಿಗೆ ತಗ್ಗಿಸಿಕೊಳ್ಳಲು ಪಂಟರ್‌ಗೆ ಅವಕಾಶವಿಲ್ಲ. ಸಾಲು ಓಟಗಳ ವಿಜೇತರನ್ನು ಹೆಸರಿಸಬೇಕಾದ ಜಾಕ್‌ಪಾಟ್‌ಗೆ ಎಷ್ಟು ಹಾಕಬೇಕೆಂದು ನಿರ್ಧರಿಸುವಾಗ ಬರುವ ಮೊತ್ತದಲ್ಲಿ ಆ ಶೇ 30 ಕಳೆದೇ ಲೆಕ್ಕ ಹಾಕಿ.