ಹೆಸರು ಕಾಣುವ ಪೋಲ್, ಗುಟ್ಟಿನ ಪೋಲ್, ಬರೀ ಎಮೋಜಿ: ಹರಟೆಗೆ ಯಾವುದು ವಾಸಿ?

ಗೆಳೆಯರ ಗ್ರೂಪಿನಲ್ಲಿ ಪೋಲ್ ಹಾಕುವುದು ಏನನ್ನೋ ತೀರ್ಮಾನಿಸಲಿಕ್ಕೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತೀರ್ಮಾನವೇ ಬೇಕಿದ್ದರೆ ಇಬ್ಬರು ಮೂವರು ಫೋನಿನಲ್ಲಿ ಮಾತಾಡಿಕೊಂಡು ಉಳಿದವರಿಗೆ ಆಮೇಲೆ ತಿಳಿಸುತ್ತಾರೆ. ಪೋಲ್ ಬರುವುದು ಗ್ರೂಪು ತಣ್ಣಗಾದಾಗ, ಯಾರದಾದರೂ ಕಾಲೆಳೆಯಲು ನೆಪ ಬೇಕಾದಾಗ. ಹಾಗಾಗಿ ಯಾವ ಪೋಲ್ ಒಳ್ಳೆಯದು ಎಂದು ಅಳೆಯಲು ನಾನು ಇಟ್ಟುಕೊಂಡ ಪ್ರಶ್ನೆ ಒಂದೇ: ಫಲಿತಾಂಶ ಕಂಡ ಮೇಲೂ ಎಷ್ಟು ಹೊತ್ತು ಮಾತು ನಡೆಯಿತು?

ಕೆಲವು ತಿಂಗಳಿಂದ ನಮ್ಮ ಗ್ರೂಪಿನ ಮೇಲೆ ಈ ಪ್ರಯೋಗ ನಡೆಸುತ್ತಿದ್ದೇನೆ. (ವಿಷಯ ಅವರಿಗೂ ಈಗಲೇ ಗೊತ್ತಾಗುತ್ತಿದೆ.) ಅಲ್ಲಿ ಹೆಚ್ಚಿನವರು ಒಬ್ಬರನ್ನೊಬ್ಬರು ಎದುರಾಎದುರು ನೋಡಿಯೇ ಇಲ್ಲ, ಸ್ನೇಹವೆಲ್ಲ ಪರದೆಯ ಮೇಲೇ ಬೆಳೆದದ್ದು. ಪ್ರಶ್ನೆಗಳೂ ಅದಕ್ಕೆ ತಕ್ಕಂಥವೇ. ಬೆಳಗ್ಗೆ ಏಳಲು ಒಂದು ಅಲಾರಂ ಸಾಕೋ, ಐದು ಬೇಕೋ? ಮೆಸೇಜ್ ಮಾಡದೆ ನೇರವಾಗಿ ಕರೆ ಮಾಡುವುದು ಸರಿಯೋ, ಅಪರಾಧವೋ? ಉದ್ದುದ್ದ ವಾಯ್ಸ್ ಮೆಸೇಜನ್ನು ಕೊನೆಯ ತನಕ ಕೇಳುತ್ತೀರೋ? ಇಂಥವನ್ನೇ ಬೇರೆ ಬೇರೆ ಆ್ಯಪಿನಲ್ಲಿ, ಬೇರೆ ಬೇರೆ ರೀತಿಯಲ್ಲಿ ಕೇಳಿ ನೋಡಿದೆ.

ಮೊದಲನೆಯದು ಎಲ್ಲರ ಕೈಗೂ ಸುಲಭವಾಗಿ ಸಿಗುವ ವಾಟ್ಸ್ಆ್ಯಪ್ ಪೋಲ್. 2022ರ ನವೆಂಬರಿನಲ್ಲಿ ಕಂಪನಿ ಇದನ್ನು ಘೋಷಿಸಿತು. 12 ಆಯ್ಕೆಗಳವರೆಗೆ ಕೊಡಬಹುದು. ಗ್ರೂಪಿನಲ್ಲಿ ನಾವು ಹಾಕುತ್ತಿದ್ದ ಪೋಲ್‌ಗಳಲ್ಲಿ ಯಾರು ಎಲ್ಲಿ ಒತ್ತಿದರು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಹರಟೆಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ವರವಿಲ್ಲ. ‘ಐದು ಅಲಾರಂ’ ಎಂದು ಒತ್ತಿದವರ ಪಟ್ಟಿ ತೆರೆದು ನೋಡಿದರೆ, ದಿನಾ ಬೆಳಗಿನ ಜಾವದ ಶಿಸ್ತಿನ ಬಗ್ಗೆ ಉಪದೇಶ ಕಳಿಸುವ ಮಹಾಶಯರ ಹೆಸರೇ ಮೊದಲಿರುತ್ತದೆ. ಅಲ್ಲಿಂದ ಮುಂದೆ ಪೋಲ್ ಯಾರಿಗೆ ಬೇಕು? ಅವರ ಹಳೆಯ ಉಪದೇಶಗಳನ್ನೆಲ್ಲ ಹುಡುಕಿ ತೆಗೆದು ಒಂದೊಂದಾಗಿ ಅವರಿಗೇ ರಿಪ್ಲೈ ಮಾಡುವ ಕೆಲಸ ಶುರುವಾಗುತ್ತದೆ.

ಇನ್ನೊಂದು ಗುಣ: ಮತವನ್ನು ಬೇಕಾದಾಗ ಬದಲಿಸಬಹುದು. ಬೆಳಗ್ಗೆ ಈ ಪಕ್ಷದಲ್ಲಿದ್ದವರು ಸಂಜೆ ಸದ್ದಿಲ್ಲದೆ ಆ ಪಕ್ಷಕ್ಕೆ ಹಾರಿರುತ್ತಾರೆ. ಹಳೆಯ ಮತದ ಗುರುತು ಪೋಲಿನಲ್ಲಿ ಉಳಿಯುವುದಿಲ್ಲ, ಆದರೆ ಪ್ರತಿ ಗ್ರೂಪಿನಲ್ಲೂ ಸ್ಕ್ರೀನ್‌ಶಾಟ್ ತೆಗೆದಿಡುವ ಪುಣ್ಯಾತ್ಮರು ಒಬ್ಬರಾದರೂ ಇರುತ್ತಾರೆ. ಪಕ್ಷಾಂತರದ ವಿಚಾರಣೆ ಮೂಲ ಪ್ರಶ್ನೆಗಿಂತ ಉದ್ದ ನಡೆಯುತ್ತದೆ.

ಸಣ್ಣ ಎಚ್ಚರಿಕೆ ಒಂದಿದೆ. ಒಬ್ಬರಿಗೆ ಒಂದೇ ಮತ ಎಂಬ ಸೌಲಭ್ಯ ಇದಕ್ಕೆ ಬಂದದ್ದು 2023ರ ಮೇನಲ್ಲಿ. ಅದಕ್ಕಾಗಿ ಪೋಲ್ ಹಾಕುವಾಗ ಹಲವು ಉತ್ತರಗಳಿಗೆ ಅವಕಾಶ ಕೊಡುವ ಗುಂಡಿಯನ್ನು ಆಫ್ ಮಾಡಬೇಕು. ಆಫ್ ಮಾಡದಿದ್ದರೆ ಎಲ್ಲದಕ್ಕೂ ಒತ್ತಿ ‘ನಾನು ಎಲ್ಲರವನು’ ಎನ್ನುವವರು ಬರುತ್ತಾರೆ. ಅಡ್ಡಗೋಡೆ ಮೇಲೆ ದೀಪ ಇಡುವವರಿಗೆ ಪೋಲಿನಲ್ಲಿ ಜಾಗ ಕೊಡಬಾರದು ಎಂಬುದು ನನ್ನ ಕಟ್ಟುನಿಟ್ಟಿನ ನಿಲುವು.

ಆದರೆ ಹೆಸರು ಕಾಣುವ ಪೋಲ್ ಸತ್ಯ ಹೇಳುವುದಿಲ್ಲ. ಇದು ಖಚಿತವಾದದ್ದು ವಾಯ್ಸ್ ಮೆಸೇಜಿನ ಪ್ರಶ್ನೆಯಿಂದ. ಹೆಸರು ಕಾಣುವಾಗ ಬಹುತೇಕ ಎಲ್ಲರೂ ‘ಪೂರ್ತಿ ಕೇಳುತ್ತೇನೆ’ ಎಂದರು. ಕೇಳದೆ ಇನ್ನೇನು, ವಾಯ್ಸ್ ಮೆಸೇಜ್ ಕಳಿಸುವ ಗೆಳತಿಯೂ ಅದೇ ಗ್ರೂಪಿನಲ್ಲಿದ್ದಾಳಲ್ಲ! ಕೆಲವು ವಾರ ಬಿಟ್ಟು ಅದೇ ಜನರಿಗೆ ಅದೇ ಪ್ರಶ್ನೆಯನ್ನು ಟೆಲಿಗ್ರಾಂನಲ್ಲಿ, ಹೆಸರು ಕಾಣದಂತೆ ಕೇಳಿದೆ. ಫಲಿತಾಂಶ ತಲೆಕೆಳಗಾಯಿತು. ‘ಮೊದಲ ಹತ್ತು ಸೆಕೆಂಡ್ ಕೇಳಿ ಹೂಂ ಅನ್ನುತ್ತೇನೆ’ ಎಂಬ ಆಯ್ಕೆ ಭರ್ಜರಿಯಾಗಿ ಗೆದ್ದಿತು.

ಇದರಲ್ಲಿ ಸಂಕೋಚದ ಜೊತೆಗೆ ಮಂದೆಯ ಗುಣವೂ ಇದೆ. ವಾಟ್ಸ್ಆ್ಯಪ್ ಪೋಲಿನಲ್ಲಿ ನೀವು ಮತ ಹಾಕುವ ಮೊದಲೇ ಲೆಕ್ಕ ಕಣ್ಣೆದುರಿಗಿತ್ತು: ಮೊದಲ ಮೂರು ಮತ ಒಂದೇ ಕಡೆ ಬಿದ್ದರೆ ನಾಲ್ಕನೆಯವರ ಬೆರಳೂ ಅತ್ತಲೇ ವಾಲುತ್ತದೆ. ಮನಶ್ಶಾಸ್ತ್ರಜ್ಞ ಸೊಲೊಮನ್ ಆ್ಯಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗದಲ್ಲಿ, ಯಾವ ಗೆರೆ ಯಾವುದಕ್ಕೆ ಸಮ ಎಂಬ ಕಣ್ಣಿಗೆ ಕಾಣುವ ಪ್ರಶ್ನೆಗೇ, ಸುತ್ತಲಿನವರು ಬೇಕೆಂದೇ ತಪ್ಪು ಹೇಳಿದಾಗ ಸುಮಾರು ಮೂರರಲ್ಲೊಂದು ಉತ್ತರ ಅವರ ಜೊತೆಗೇ ತಪ್ಪಾಗಿ ಬಂತು. ಗೆರೆಯ ಉದ್ದಕ್ಕೇ ಹೀಗಾದರೆ ಅಲಾರಂ ಎಷ್ಟು ಬೇಕು ಎಂಬುದರಲ್ಲಿ ಸ್ವಂತ ಬುದ್ಧಿ ಎಲ್ಲಿ ನಿಲ್ಲಬೇಕು? ಟೆಲಿಗ್ರಾಂನಲ್ಲಿ ನಾವು ಹಾಕಿದ ಪೋಲ್‌ಗಳಲ್ಲಿ ಮತ ಹಾಕಿದ ಮೇಲೆಯೇ ಲೆಕ್ಕ ಕಾಣುತ್ತಿತ್ತು. ಈ ಒಂದು ವ್ಯತ್ಯಾಸಕ್ಕೇ ಅದಕ್ಕೆ ಹೆಚ್ಚು ಅಂಕ ಕೊಡಬಹುದು.

ಗುಟ್ಟಿನ ಪೋಲ್ ಎಂದರೆ ಹರಟೆ ಸತ್ತಿತು ಎಂದು ಮೊದಲು ಅಂದುಕೊಂಡಿದ್ದೆ. ಯಾರ ಕಾಲೆಳೆಯುವುದು ಎಂದೇ ಗೊತ್ತಿಲ್ಲದಿದ್ದರೆ ಮಜಾ ಎಲ್ಲಿ? ಆದದ್ದು ಬೇರೆಯೇ. ವಾಯ್ಸ್ ಮೆಸೇಜಿನ ಫಲಿತಾಂಶ ಕಂಡ ಕೂಡಲೇ ಒಬ್ಬರು ‘ನಾನಂತೂ ಪೂರ್ತಿ ಕೇಳುವವನೇ’ ಎಂದು ತಾವಾಗಿಯೇ ಬರೆದರು. ಯಾರೂ ಕೇಳಿರಲಿಲ್ಲ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವ ಮಾತನ್ನು ಗ್ರೂಪಿನ ಅರ್ಧ ಜನ ಒಟ್ಟಿಗೇ ಟೈಪ್ ಮಾಡಿದರು. ಆಮೇಲೆ ಪತ್ತೇದಾರಿಕೆ: ಆ ಹೊತ್ತಿಗೆ ಆನ್‌ಲೈನ್ ಇದ್ದವರು ಯಾರು, ‘ಹೂಂ’ ಎಂದು ಮಾತ್ರ ಉತ್ತರಿಸುವ ಚಾಳಿ ಯಾರದು, ಹೋದ ವಾರ ಯಾರು ಯಾವ ಮೆಸೇಜಿಗೆ ಸಂಬಂಧವಿಲ್ಲದ ಉತ್ತರ ಕೊಟ್ಟರು. ವಾಯ್ಸ್ ಮೆಸೇಜಿನ ಗೆಳತಿ ಇದಕ್ಕೆ ಪ್ರತಿಕ್ರಿಯೆಯಾಗಿ ಮತ್ತೊಂದು ವಾಯ್ಸ್ ಮೆಸೇಜ್ ಕಳಿಸಿದಳು, ಮಾಮೂಲಿಗಿಂತ ಉದ್ದದ್ದು. ನಡುವೆ ಎಲ್ಲೋ ಒಂದು ಪ್ರಶ್ನೆ ಹುದುಗಿಸಿ, ಉತ್ತರ ಕೊಡದವರೆಲ್ಲ ಸಿಕ್ಕಿಬಿದ್ದಂತೆ ಎಂದಳು. ಮಾತಿನ ಉದ್ದದ ಲೆಕ್ಕದಲ್ಲಿ ಆ ದಿನವನ್ನು ಇನ್ನೂ ಯಾವ ಪೋಲೂ ಮೀರಿಲ್ಲ.

ಟೆಲಿಗ್ರಾಂ ಪೋಲ್ 2018ರ ಡಿಸೆಂಬರಿನಲ್ಲಿ ಬಂದಾಗ ಬರೀ ಗುಟ್ಟಿನದೇ ಇತ್ತು. 2020ರ ಜನವರಿಯಲ್ಲಿ ಹೆಸರು ಕಾಣುವ ಬಗೆಯನ್ನೂ, ಒಂದಕ್ಕಿಂತ ಹೆಚ್ಚು ಉತ್ತರದ ಬಗೆಯನ್ನೂ, ಕ್ವಿಜ್ ಬಗೆಯನ್ನೂ ಸೇರಿಸಿದರು. ಕ್ವಿಜ್‌ನಲ್ಲಿ ಒಂದು ಸರಿಯುತ್ತರವನ್ನು ಮೊದಲೇ ಗುರುತು ಮಾಡಿಡಬೇಕು. ಸರಿ ಒತ್ತಿದವರಿಗೆ ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳ ಮಳೆ. ಒಮ್ಮೆ ಕೊಟ್ಟ ಉತ್ತರವನ್ನು ವಾಪಸು ತೆಗೆಯಲಾಗದು. ಸಾಮಾನ್ಯ ಜ್ಞಾನದ ಪ್ರಶ್ನೆಗಳಿಗೆಂದು ಮಾಡಿದ ಈ ಸೌಲಭ್ಯವನ್ನು ಅಭಿಪ್ರಾಯದ ಪ್ರಶ್ನೆಗೆ ಬಳಸಿ ನೋಡಿ! ‘ಬೆಕ್ಕು ಮೇಲೋ ನಾಯಿ ಮೇಲೋ?’ ಎಂದು ಕೇಳಿ, ಬೆಕ್ಕೇ ಸರಿಯುತ್ತರ ಎಂದು ಗುರುತು ಮಾಡಿಬಿಡಿ. ನಾಯಿ ಸಾಕಿದವರು ಪ್ರೀತಿಯಿಂದ ನಾಯಿಗೆ ಒತ್ತಿದ ಕೂಡಲೇ ಕೆಂಪು ಗುರುತು ಬಿದ್ದು ‘ತಪ್ಪು’ ಎನ್ನುತ್ತದೆ. ವಿವರಣೆ ಬರೆಯಲು ಜಾಗವೂ ಇದೆ. ಅಲ್ಲಿ ‘ಮುಂದಿನ ಸಲ ಓದಿಕೊಂಡು ಬನ್ನಿ’ ಎಂದು ಬರೆದಿಟ್ಟಿದ್ದೆ. ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ಜನರನ್ನು ಒಟ್ಟಿಗೆ ರೇಗಿಸುವ ಸಾಧನ ಬೇರೆ ಸಿಕ್ಕಿಲ್ಲ. ಪದೇ ಪದೇ ಮಾಡಿದರೆ ಮಾತ್ರ ಸಪ್ಪೆ.

ಎಮೋಜಿ ರಿಯಾಕ್ಷನ್ನಿನ ಮತದಾನ ಇವೆರಡಕ್ಕಿಂತ ಸರಳ. ‘ಕಿಟಕಿ ಸೀಟಿನವರು ಹೃದಯ ಹಾಕಿ, ದಾರಿ ಪಕ್ಕದವರು ಹೆಬ್ಬೆಟ್ಟು ಹಾಕಿ’ ಎಂದರಾಯಿತು. ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜಿಗೆ ಒಬ್ಬರದು ಒಂದೇ ರಿಯಾಕ್ಷನ್ ಆದ್ದರಿಂದ ಕಳ್ಳಮತದ ಭಯವಿಲ್ಲ. 2022ರಲ್ಲಿ ಈ ಸೌಲಭ್ಯ ಶುರುವಾದಾಗ ಇದ್ದದ್ದು ಆರೇ ಎಮೋಜಿ. ಕೆಲವೇ ತಿಂಗಳಲ್ಲಿ ಯಾವುದನ್ನು ಬೇಕಾದರೂ ಹಾಕಬಹುದು ಎಂದಾಯಿತು. ಅಲ್ಲಿಗೆ ಶಿಸ್ತು ಮುಗಿಯಿತು. ಕಿಟಕಿ, ದಾರಿ ಎರಡನ್ನೂ ಬಿಟ್ಟು ಒಬ್ಬರು ಹೆಲಿಕಾಪ್ಟರ್ ಹಾಕಿದರು, ಅವರ ಹಿಂದೆ ನಾಲ್ಕು ಹೆಲಿಕಾಪ್ಟರ್ ಬಂದವು. ನಗುವ ಮುಖ ಹಾಕಿದವರದು ಮತವೋ, ಪ್ರಶ್ನೆಯ ಬಗೆಗಿನ ಟೀಕೆಯೋ ಗೊತ್ತಾಗುವುದಿಲ್ಲ. ಎಣಿಕೆಗೆ ಇದು ಪ್ರಯೋಜನವಿಲ್ಲ. ಇಬ್ಬರು ಹಟ ಹಿಡಿದು ಕೂತಿರುವಾಗ ಪಕ್ಕದಲ್ಲಿ ನಿಂತು ಬೆಂಕಿಗೆ ಗಾಳಿ ಹಾಕಲು ಮಾತ್ರ ಹೇಳಿ ಮಾಡಿಸಿದ್ದು.

ಇನ್‌ಸ್ಟಾಗ್ರಾಂ ಸ್ಟೋರಿಯ ಪೋಲ್ ಸ್ಟಿಕರನ್ನೂ ಪ್ರಯತ್ನಿಸಿದೆ. 2017ರ ಅಕ್ಟೋಬರಿನಲ್ಲಿ ಎರಡು ಆಯ್ಕೆಗಳೊಂದಿಗೆ ಬಂದ ಇದು ನೋಡಲು ಚೆಂದ, ಒತ್ತಲು ಸಲೀಸು. ಆದರೆ ಯಾರು ಏನು ಒತ್ತಿದರು ಎಂಬುದು ಹಾಕಿದವರಿಗೆ ಮಾತ್ರ ಕಾಣುತ್ತದೆ, ಉಳಿದವರಿಗೆ ಶೇಕಡಾವಾರು ಲೆಕ್ಕ ಅಷ್ಟೇ. ಮಾತು ನಡೆದರೂ ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿ, ಇನ್‌ಬಾಕ್ಸಿನಲ್ಲಿ. 24 ಗಂಟೆಗೆ ಸ್ಟೋರಿಯೇ ಮಾಯ. ಗುಂಪಿನ ಹರಟೆಗೆ ನನ್ನ ಮತ ಇಲ್ಲ. ಟ್ವಿಟರ್ (ಈಗಿನ ಎಕ್ಸ್) ಪೋಲ್ ಇನ್ನೂ ದೂರ: ಅಲ್ಲಿ ಯಾರು ಏನು ಹಾಕಿದರೆಂದು ಕೇಳಿದವರಿಗೂ ಕಾಣದು, ಬಂದು ಒತ್ತುವವರಲ್ಲಿ ಅರ್ಧ ಜನ ಅಪರಿಚಿತರು.

ಆ್ಯಪಿಗಿಂತ ಹೆಚ್ಚು ವ್ಯತ್ಯಾಸ ತರುವುದು ಆಯ್ಕೆಗಳ ಸಂಖ್ಯೆ. ಎರಡೇ ಇದ್ದರೆ ಸೈನ್ಯಗಳು ಸ್ಪಷ್ಟ, ಕಾಳಗ ಜೋರು. 2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಫೋಟೋ ಲೋಕವನ್ನೇ ಎರಡು ಮಾಡಿತ್ತಲ್ಲ, ನೀಲಿ ಕಪ್ಪೋ, ಬಿಳಿ ಚಿನ್ನದ ಬಣ್ಣವೋ ಎಂದು? (ನಿಜವಾದ ಉಡುಪು ನೀಲಿ ಕಪ್ಪಿನದೇ.) ಎದುರಿನವರಿಗೆ ಕಣ್ಣೇ ಸರಿಯಿಲ್ಲ ಎಂದು ಎರಡೂ ಕಡೆಯವರಿಗೆ ಅನ್ನಿಸಬೇಕು, ಒಳ್ಳೆಯ ಪ್ರಶ್ನೆಯ ಲಕ್ಷಣ ಅದು.

ಆಯ್ಕೆ ಮೂರಾದರೆ ಬೇರೆ ಬಗೆಯ ತಮಾಷೆ. ವಾರಾಂತ್ಯಕ್ಕೆ ಆನ್‌ಲೈನಿನಲ್ಲಿ ಯಾವ ಆಟ ಎಂದು ಕೇಳಿದಾಗ ಹೀಗಾಯಿತು: ಒಬ್ಬರಿಗೆ ಚದುರಂಗ ಮೊದಲು, ಆಮೇಲೆ ಪದಬಂಧ, ಕೊನೆಗೆ ರಸಪ್ರಶ್ನೆ. ಇನ್ನೊಬ್ಬರಿಗೆ ಪದಬಂಧ, ರಸಪ್ರಶ್ನೆ, ಚದುರಂಗ. ಮೂರನೆಯವರಿಗೆ ರಸಪ್ರಶ್ನೆ, ಚದುರಂಗ, ಪದಬಂಧ. ಎರಡೆರಡನ್ನೇ ಎದುರುಬದುರು ನಿಲ್ಲಿಸಿದರೆ ಪದಬಂಧವನ್ನು ಚದುರಂಗ ಸೋಲಿಸುತ್ತದೆ, ರಸಪ್ರಶ್ನೆಯನ್ನು ಪದಬಂಧ ಸೋಲಿಸುತ್ತದೆ, ಚದುರಂಗವನ್ನು ರಸಪ್ರಶ್ನೆ ಸೋಲಿಸುತ್ತದೆ. ಮೂರೂ ಎರಡಕ್ಕೆ ಒಂದು ಮತದಿಂದಲೇ. ಫ್ರೆಂಚ್ ಗಣಿತಜ್ಞ ಕೊಂಡೊರ್ಸೆ 1785ರಲ್ಲೇ ಈ ಸುತ್ತನ್ನು ಗುರುತಿಸಿದ್ದ. ಪ್ರಜಾಪ್ರಭುತ್ವಕ್ಕೆ ಅದು ತಲೆನೋವಿರಬಹುದು, ನಮಗೆ ಮಾತ್ರ ಶನಿವಾರದ ಸಂಜೆ ಪೂರ್ತಿ ಅದರಲ್ಲೇ ಕಳೆದು ಆಟವೇ ಬೇಕಾಗಲಿಲ್ಲ. 12 ಆಯ್ಕೆ ಕೊಟ್ಟಾಗ ಮಾತ್ರ ಎಲ್ಲ ಚೆದುರಿಹೋಯಿತು. ತಲಾ ಒಂದೋ ಎರಡೋ ಮತ ಬಿದ್ದ ಕಡೆ ಯಾರು ಯಾರ ಜೊತೆ ಜಗಳವಾಡುವುದು?

ಎಲ್ಲ ಪೋಲಿಗೂ ನಾನು ಈಗ ತಪ್ಪದೆ ಸೇರಿಸುವ ಆಯ್ಕೆ ಒಂದಿದೆ: ‘ಸುಮ್ಮನೆ ನೋಡಲು ಬಂದೆ’. ತಿಂಗಳುಗಟ್ಟಲೆ ಒಂದಕ್ಷರ ಬರೆಯದವರು ಇದಕ್ಕೆ ಒತ್ತುತ್ತಾರೆ, ಹೆಸರು ಕಂಡದ್ದೇ ತಡ ‘ಓಹೋ, ಇದ್ದೀರಾ!’ ಎಂದು ಸ್ವಾಗತ ಸಿಗುತ್ತದೆ. ಬರೀ ಟೈಪ್ ಮಾಡಿ ಅಭಿಪ್ರಾಯ ಕೇಳುವ ಹಳೆಯ ಪದ್ಧತಿ ಸೋಲುವುದು ಇಲ್ಲೇ. ಅದರಲ್ಲಿ ಒಳ್ಳೊಳ್ಳೆಯ ಸಾಲುಗಳು ಹುಟ್ಟುತ್ತವೆ, ಏಕೆಂದರೆ ‘ಯಾಕೆ’ ಎಂಬುದನ್ನೂ ಬರೆಯಲೇಬೇಕು. ಆದರೆ ಬರೆಯುವವರು ಯಾವಾಗಲೂ ಅದೇ ನಾಲ್ಕು ಜನ.

ಸದಸ್ಯರೇ ಆಯ್ಕೆ ಸೇರಿಸಲಿ ಎಂದು ಬಿಟ್ಟರೆ ತಮಾಷೆಯ ಹೆಸರೇ ಗೆಲ್ಲುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡಿ. 2016ರಲ್ಲಿ ಬ್ರಿಟನ್ನಿನ ಪರಿಸರ ಸಂಶೋಧನಾ ಮಂಡಳಿ ತನ್ನ ಹೊಸ ಧ್ರುವ ಸಂಶೋಧನಾ ಹಡಗಿಗೆ ಹೆಸರು ಸೂಚಿಸಿ ಎಂದು ಜನರನ್ನು ಕೇಳಿತು; ಗೆದ್ದದ್ದು ‘ಬೋಟಿ ಮೆಕ್‌ಬೋಟ್‌ಫೇಸ್’, 1,24,109 ಮತಗಳಿಂದ. ಕೊನೆಗೆ ಹಡಗಿಗೆ ಡೇವಿಡ್ ಅಟೆನ್‌ಬರೋ ಅವರ ಹೆಸರಿಟ್ಟು, ಅದರ ಜೊತೆಗಿನ ಮಾನವರಹಿತ ಜಲಾಂತರ್ಗಾಮಿಗೆ ಬೋಟಿಯ ಹೆಸರು ಕೊಟ್ಟರು. ನಮ್ಮ ಗ್ರೂಪಿಗೆ ಹೊಸ ಹೆಸರು ಕೇಳಿದಾಗಲೂ ಇದೇ ಕಥೆ. ‘ಮ್ಯೂಟ್ ಮಾಡಿದವರ ಸಂಘ’ ಗೆದ್ದಿತು. ಅಡ್ಮಿನ್ ಬ್ರಿಟಿಷರ ಉಪಾಯವನ್ನೇ ಹಿಡಿದರು: ಹೆಸರು ಹಳೆಯದೇ ಉಳಿಯಿತು, ಗ್ರೂಪಿನ ಚಿತ್ರ ಮಾತ್ರ ಬಾಯಿಗೆ ಬೀಗ ಹಾಕಿದ ಗಂಟೆಯಾಯಿತು.

ವ್ಯಕ್ತಿಗಳ ಮೇಲಿನ ಪೋಲಿಗೆ ನನ್ನ ಲೆಕ್ಕ ತಿರುಗುಮುರುಗು. ‘ನಮ್ಮಲ್ಲಿ ಅತಿ ತಡವಾಗಿ ಉತ್ತರಿಸುವವರು ಯಾರು’ ಎಂಬಂಥದ್ದಕ್ಕೆ ಗುಟ್ಟಿನ ಮತ ಬೇಡವೇ ಬೇಡ. ಹೆಸರು ಕಾಣುವಾಗ ಅದು ಗೆಳೆಯರ ಕೀಟಲೆ. ಮರೆಯಿಂದ ಬಂದರೆ ಅದೇ ಮಾತು ಚುಚ್ಚುತ್ತದೆ, ಚುಚ್ಚಿದವರು ಯಾರೆಂದು ಮನಸ್ಸು ಹುಡುಕುತ್ತಲೇ ಇರುತ್ತದೆ. ಅಭ್ಯಾಸಗಳ ಬಗ್ಗೆ ಕೇಳುವಾಗ ಗುಟ್ಟು, ಮನುಷ್ಯರ ಬಗ್ಗೆ ಕೇಳುವಾಗ ಬಹಿರಂಗ. ಆ ಮನುಷ್ಯರನ್ನು ಮೊದಲೇ ಒಂದು ಮಾತು ಕೇಳಿಕೊಂಡಿದ್ದರೆ ಇನ್ನೂ ವಾಸಿ.

ಉಳಿದದ್ದು ಗಡುವು. ಟ್ವಿಟರ್ ಪೋಲ್ ಏಳು ದಿನದೊಳಗೆ ಮುಚ್ಚಲೇಬೇಕು, ಟೆಲಿಗ್ರಾಂನಲ್ಲಿ ಹಾಕಿದವರೇ ನಿಲ್ಲಿಸಬಹುದು. ನನಗೆ ಗಡುವಿಲ್ಲದೆ ತೆರೆದೇ ಬಿಟ್ಟ ಪೋಲ್ ಇಷ್ಟ. ಅಲಾರಂ ಪ್ರಶ್ನೆ ಸಮಸಮವಾಗಿ ನಿಂತು ಎಲ್ಲರೂ ಮರೆತ ಎಷ್ಟೋ ದಿನಗಳ ಮೇಲೆ, ಊರೆಲ್ಲ ಮಲಗಿದ ಹೊತ್ತಿನಲ್ಲಿ, ಯಾರೋ ಬಂದು ‘ಒಂದೇ ಸಾಕು’ ಎಂದು ಒತ್ತಿದರು. ಐದು ಅಲಾರಂನವರು ಆ ಮತ ಅಸಿಂಧು ಎನ್ನುತ್ತಿದ್ದಾರೆ: ಆ ಹೊತ್ತಿನಲ್ಲಿ ಎದ್ದಿರುವವರಿಗೆ ಬೆಳಗಿನ ಅಲಾರಂ ಬಗ್ಗೆ ಮಾತಾಡುವ ಹಕ್ಕೇ ಇಲ್ಲವಂತೆ. ಇದಕ್ಕೂ ಒಂದು ಪೋಲ್ ಹಾಕಿದ್ದೇನೆ, ಗುಟ್ಟಿನದು.